ಸರೋಜಕ್ಕನ ಠರಾವು

ಸರೋಜಕ್ಕ ಬರೆದ ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ’ ಎಂಬ ಮಾತೇ ಇರುತ್ತಿರಲಿಲ್ಲ. ಸಿದ್ದಾಪುರದ ತಾಲೂಕು ಕಚೇರಿ ಎದುರು ಮೂವತ್ತು ವರ್ಷ ಅರ್ಜಿ ಟೈಪು ಮಾಡಿದ ಹೆಂಗಸು. ಯಾರಾದರೂ ‘ಅದೊಂದು ಸೇರಿಸಿ ಅಕ್ಕಾ’ ಅಂದರೆ ಕನ್ನಡಕದ ಮೇಲಿಂದ ನೋಡುತ್ತಿದ್ದಳು. “ನೀ ಕೇಳದು ನಿನ್ನ ಪಹಣಿ, ತಹಶೀಲ್ದಾರನ ಮನೆ ಮಗಳನ್ನಲ್ಲ. ಇಷ್ಟೆಲ್ಲ ಬಗ್ಗದು ಎಂತಕ್ಕೆ?”

ನಮ್ಮೂರ ನಾಗಮ್ಮ ಒಂದು ದಿನ ಅಳುತ್ತ ಅವಳ ಹತ್ತಿರ ಬಂದಳು. ಗಂಡ ತೀರಿಹೋಗಿದ್ದ. ಊರ ಸಹಕಾರಿ ಸೊಸೈಟಿಯಲ್ಲಿದ್ದ ಅವನ ಸದಸ್ಯತ್ವ ನಾಗಮ್ಮನ ಹೆಸರಿಗೆ ಆಗದಿದ್ದರೆ ಬೆಳೆಸಾಲವಿಲ್ಲ. ಕಾರ್ಯದರ್ಶಿ ‘ಮೇಲ್ಖರ್ಚು’ ಕೇಳಿದ್ದ. ಸರೋಜಕ್ಕ ದೂರು ಬರೆದಳು. ಕಾರವಾರದ ಲಂಚ ತಡೆ ಕಚೇರಿಯಿಂದ ಉತ್ತರ ಬಂತು: ಸದರಿ ಸೊಸೈಟಿ ಸರ್ಕಾರದ ನೆರವು ಪಡೆಯುತ್ತಿಲ್ಲ, ಲಂಚದ ಕಾಯ್ದೆ ಅದರ ಕಾರ್ಯದರ್ಶಿಗೆ ಅನ್ವಯಿಸದು.

“ಓಹೋ! ಕಚೇರಿಯಂವ ತಿಂದ್ರೆ ಲಂಚ, ಸೊಸೈಟಿಯಂವ ತಿಂದ್ರೆ ಫಲಾಹಾರ!”

ಸೊಸೈಟಿಯ ಆ ವರ್ಷದ ವಾರ್ಷಿಕ ಸಭೆಯಲ್ಲಿ ಸರೋಜಕ್ಕ ಎದ್ದು ನಿಂತಳು. ಅವಳೂ ಸದಸ್ಯೆ, ನಾನೂ ಸದಸ್ಯ. ಸೊಸೈಟಿಗಳನ್ನೂ ಲಂಚದ ಕಾಯ್ದೆಯೊಳಗೆ ತರಬೇಕೆಂದು ಸರ್ಕಾರಕ್ಕೆ ಬರೆಯುವ ಠರಾವು ಮಂಡಿಸಿದಳು.

“ಇದು ಸರ್ಕಾರದ್ದಲ್ಲ ಸರೋಜಕ್ಕ, ನಮ್ದೇ ಸೊಸೈಟಿ. ಮನೆ ಮಾತು ಮನೇಲೇ ಇರ್ಲಿ” ಎಂದರು ಅಧ್ಯಕ್ಷರು.

“ನಮ್ದೇ ಅಂದ್ರೆ ನಾವೇ ಮಾಲೀಕರು ಅಲ್ದಾ? ಮಾಲೀಕನ ಹತ್ರನೇ ಲಂಚ ತಿಂಬ ಆಳು ಯಾವ ಮನೇಲಿದ್ದ?”

ಸಭೆ ನಕ್ಕಿತು. ‘ಅನುಮೋದಕರು ಯಾರು?’ ಎಂದು ಅಧ್ಯಕ್ಷರು ಕೇಳಿದ್ದೇ ತಡ, ನಗು ನಿಂತಿತು. ಒಬ್ಬರಾದರೂ ಕೈ ಎತ್ತಬೇಕು, ಇಲ್ಲದಿದ್ದರೆ ಠರಾವು ಬಿದ್ದಂತೆ. ಎಲ್ಲರಿಗೂ ಅಲ್ಲಿ ಒಂದಲ್ಲ ಒಂದು ಕೆಲಸ ಬಾಕಿ. ನನ್ನದು ಮನೆ ರಿಪೇರಿ ಸಾಲದ ಅರ್ಜಿ. ಹೌದು, ನಾನೂ ನೆಲ ನೋಡಿದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

“ಅನುಮೋದಕರು ಯಾರೂ ಇಲ್ಲೆ ಹೇಳಿ ನಡಾವಳಿ ಪುಸ್ತಕದಲ್ಲಿ ಬರಕಳಿ. ಓದದೇ ಆನು ಹೋಗ್ತ್ನಿಲ್ಲೆ” ಎಂದಳು ಸರೋಜಕ್ಕ. ಕಾರ್ಯದರ್ಶಿ ಬರೆದು ಮುಗಿಸುವವರೆಗೂ ಕೂರಲಿಲ್ಲ.

ಹದಿನೈದು ದಿನದಲ್ಲಿ ನಾಗಮ್ಮನ ಕೆಲಸವಾಯಿತು, ಮೇಲ್ಖರ್ಚಿಲ್ಲದೆ. ನಾನು ಸುದ್ದಿ ಹೇಳಲು ಹೋದಾಗ ಸರೋಜಕ್ಕ ಹಾಸಿಗೆ ಹಿಡಿದಿದ್ದಳು. ಖುಷಿಪಡಲಿಲ್ಲ. “ನಂಗೆ ಹೆದರಿ ಮಾಡಿಕೊಟ್ಟ. ಆನು ಸತ್ತ ಮೇಲೆ ಯಾರಿಗೆ ಹೆದರ್ತ? ಕಾಯ್ದೆ ಬೇಕು ತಮಾ.” ಅದೇ ಕಡೆಯ ಭೇಟಿ.

ಮೊನ್ನೆ, ಈ ವರ್ಷದ ಸಭೆಯಲ್ಲಿ, ಅದೇ ಠರಾವನ್ನು ನಾಗಮ್ಮ ಮಂಡಿಸಿದಳು. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ನಾನು ಕೈ ಎತ್ತಿದೆ. ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ, “ನಿಮ್ಮ ಸಾಲದ ಅರ್ಜಿ ಇನ್ನೂ ನಮ್ಮ ಹತ್ರನೇ ಇದ್ದು” ಎಂದ.

“ಇರ್ಲಿ” ಎಂದೆ. “ಕೈ ಇಳಿಸ್ತ್ನಿಲ್ಲೆ.”