ಹಿಟ್ಟು ಕಮ್ಮಿ ಮಾಡಿ ಅಂದದ್ದು

ಶುಕ್ರವಾರ ಬೆಳಿಗ್ಗೆ ದೇವರ ಸಾಮಾನುಗಳನ್ನು ಹಿತ್ತಲ ಕಲ್ಲಿನ ಮೇಲೆ ಹಾಕಿಕೊಂಡು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ದೀಪದ ಕಂಬಗಳು ಮುಗಿದಿದ್ದವು, ಆರತಿ ತಟ್ಟೆ ಅರ್ಧ ಬೆಳಗಿತ್ತು. ಪಕ್ಕದ ಮನೆಯ ಅಕ್ಕ ಗೇಟು ತಳ್ಳಿಕೊಂಡು ಒಳಗೆ ಬಂದರು. ಆ ಹೊತ್ತಿನಲ್ಲಿ ಅವರು ನಮ್ಮ ಅತ್ತೆಯ ಜೊತೆ ಸಮುದಾಯ ಭವನದಲ್ಲಿ ಇರಬೇಕಿತ್ತು. ಒಬ್ಬರೇ ಬಂದದ್ದು ನೋಡಿ ತಟ್ಟೆ ಕೆಳಗಿಟ್ಟು ಎದ್ದೆ.

"ಬಾರವ್ವ ಬಿರ್ನೆ. ನಿಮ್ಮತ್ತೆ ಕುರ್ಚಿಯಿಂದ ಏಳಕ್ಕೋಗಿ ನೆಲಕ್ ಕುಂತ್ಬುಟ್ರು."

"ಬಿದ್ದರಾ?"

"ಬೀಳ್ಲಿಲ್ಲ, ಕುಂತ್ರು. ಬಿದ್ದಂಗೇ ಅನ್ಕೊ. ಕಣ್ಣು ಮೇಲಕ್ ಮಾಡ್ಬುಟ್ಟಿದ್ರು, ಈಗ ಮಾತಾಡ್ತಾವ್ರೆ. ಬಾ, ಕೈ ಆಮ್ಯಾಕ್ ತೊಳ್ಕೊಳೀವಂತೆ."

ಸೀರೆಗೆ ಕೈ ಒರೆಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅಪ್ರಮೇಯ ಸ್ವಾಮಿಯ ಹೆಸರು ಹೇಳಿಕೊಂಡೇ ನಡೆದೆ. ಮೂಳೆ ಮುರಿದಿರದಿದ್ದರೆ ಸಾಕಪ್ಪಾ ಅಂತ ಬೇಡಿಕೊಂಡೆ. ಮುರಿದಿರಲಿಲ್ಲ. ಅಷ್ಟನ್ನು ಅವನು ನಡೆಸಿಕೊಟ್ಟ. ಮಿಕ್ಕದ್ದು ನನ್ನ ಪಾಲಿನದು, ಅದನ್ನು ಹೇಳುತ್ತೇನೆ.

ಚನ್ನಪಟ್ಟಣದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಯಸ್ಸಾದವರಿಗೆಂದು ವಾರದಲ್ಲಿ ಎರಡು ಬೆಳಿಗ್ಗೆ ಒಂದು ಕಾರ್ಯಕ್ರಮ ನಡೆಯುತ್ತದೆ. ಮೊದಲು ಪಾರ್ಕಿನ ಸುತ್ತ ನಡಿಗೆ, ಆಮೇಲೆ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುವುದು, ಕೊನೆಗೆ ಊಟದ ವಿಚಾರ ತಿಳಿಸುವ ಹುಡುಗಿಯ ಮಾತು. ಒಬ್ಬರು ನರ್ಸಮ್ಮ ಬಿ.ಪಿ., ಸಕ್ಕರೆ ನೋಡುತ್ತಾರೆ. ದುಡ್ಡು ಕಾಸು ಏನೂ ಇಲ್ಲ. ಇದನ್ನು ಕೇಳಿದಾಗ ನಮ್ಮ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. "ಜನ್ಮೆಲ್ಲ ಗದ್ದೇಲಿ ನಾಟಿ ಆಕ್ದೋಳ್ಗೆ ಇವ್ರು ಬಗ್ಗಾದು ಯೋಳ್ಕೊಡ್ತಾರಂತಾ?" ಆದರೆ ಒಂದು ಸಲ ಹೋಗಿಬಂದ ಮೇಲೆ ಬಿಡಲಿಲ್ಲ. ಆ ದಿನಗಳಲ್ಲಿ ನನಗಿಂತ ಮೊದಲೇ ಎದ್ದು ತಲೆ ಬಾಚಿಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದರು.

ಊಟದ ವಿಚಾರ ಹೇಳುವ ಹುಡುಗಿ ಧಾರವಾಡದ ಕಡೆಯವಳು. ಮೊದಲ ದಿನ ಅತ್ತೆಯನ್ನು ಬಿಡಲು ನಾನೂ ಹೋಗಿದ್ದೆ. "ಸಕ್ಕರಿ ಕಾಯಿಲಿ ಇದ್ದವರು ಹಿಟ್ಟಿಂದು ಕಮ್ಮಿ ಮಾಡ್ರಿ" ಎಂದು ಅವಳು ಹೇಳಿದ್ದು ಕಿವಿಗೆ ಬಿತ್ತು. ಅಂದು ಏಕಾದಶಿ, ದೊಡ್ಡಮಳೂರಿನ ಅಪ್ರಮೇಯ ಸ್ವಾಮಿಯ ದರ್ಶನಕ್ಕೆ ಹೊತ್ತಾಗುತ್ತಿತ್ತು. ಅಷ್ಟು ಕೇಳಿಸಿಕೊಂಡು ಎದ್ದು ಬಂದೆ.

ನಮ್ಮ ಕಡೆ ಹಿಟ್ಟು ಅಂದರೆ ಮುದ್ದೆ. ಹಿಟ್ಟು ಕಟ್ಟುವುದು, ಹಿಟ್ಟು ಉಣ್ಣುವುದು, "ಒಂದಿಟ್ಟು ಸಾಕು" ಅನ್ನುವುದು, ಎಲ್ಲ ಮುದ್ದೆಯೇ. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಓದಿದ ಹುಡುಗಿ ಹೇಳಿದ್ದಾಳೆ ಅಂದುಕೊಂಡು ಮಾರನೆಯ ದಿನದಿಂದಲೇ ಅವರ ಮುದ್ದೆಯನ್ನು ಅರ್ಧ ಮಾಡಿದೆ. ಹೆಚ್ಚು ಮಾಡಿದ್ದು ಏನೂ ಇಲ್ಲ. ಅದೇ ತಿಳಿ ಸಾರು, ಅದೇ ಒಂದು ಸೌಟು. ಯಜಮಾನರ ಮುದ್ದೆ ಮೊದಲಿನ ಹಾಗೆಯೇ ಇತ್ತು, ನನ್ನದೂ ಇತ್ತು.

"ಒಸಿ ದಪ್ಪ ಕಟ್ಟವ್ವ, ಸಾಲಾಕಿಲ್ಲ," ಎಂದು ಅತ್ತೆ ಒಂದು ದಿನ ಕೇಳಿದರು.

"ಸಕ್ಕರೆ ಏರುತ್ತೆ ಅತ್ತೆ. ನಾಲಿಗೆ ಕಟ್ಟಬೇಕು. ಈ ವಯಸ್ಸಲ್ಲಿ ದೇವರ ಧ್ಯಾನ ಜಾಸ್ತಿ ಇರಬೇಕು, ಊಟ ಕಮ್ಮಿ ಇರಬೇಕು."

ಇನ್ನೊಂದು ದಿನವೂ ಕೇಳಿದರು. ಅದೇ ಉತ್ತರ ಕೊಟ್ಟೆ. ಆಮೇಲೆ ಅವರು ಕೇಳಲಿಲ್ಲ. ತಟ್ಟೆಯ ಅಂಚಿಗೆ ಹತ್ತಿದ್ದ ಸಾರನ್ನು ಬೆರಳಿನಿಂದ ಬಳಿದು ನೆಕ್ಕುವುದನ್ನು ಒಂದು ಮಧ್ಯಾಹ್ನ ನೋಡಿದೆ. ನೋಡಿ ಒಲೆಯ ಕಡೆ ತಿರುಗಿಕೊಂಡೆ. ಕೆಲವು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿದೆ ಅಂದರು. ಮಾಗಡಿಯಲ್ಲಿರುವ ನಾದಿನಿಗೆ ಫೋನು ಮಾಡಿ, "ನಿಮ್ಮಮ್ಮನ ಸಕ್ಕರೆ ನಾನು ಹೆಂಗೆ ಹಿಡಿತದಲ್ಲಿಟ್ಟಿದ್ದೀನಿ ನೋಡಿ" ಎಂದು ಹೇಳಿಕೊಂಡದ್ದೂ ಉಂಟು.

ಭವನಕ್ಕೆ ಹೋದಾಗ ಅತ್ತೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನರ್ಸಮ್ಮ ಸಕ್ಕರೆ ನೀರು ಕುಡಿಸಿ, ಮಣಿಕಟ್ಟು ಹಿಡಿದುಕೊಂಡಿದ್ದರು. ಅಂದು ಎಲ್ಲರಿಗೂ ಕೈ ಊರದೆ ಕುರ್ಚಿಯಿಂದ ಎದ್ದು ಕೂರಲು ಹೇಳಿದ್ದರಂತೆ, ಕಾಲಿನ ಬಲ ನೋಡಲು. ಅತ್ತೆ ಮೊದಲು ಏಳಲಾರದೆ, ಹಟ ಹಿಡಿದು ಎದ್ದು, ಹಾಗೇ ಕುಸಿದರಂತೆ.

"ಮಾತ್ರೆ ತಗೊಂಡಿದ್ರಾ ಅಜ್ಜಿ?" ನರ್ಸಮ್ಮ ಕೇಳಿದರು.

"ತಕ್ಕೊಂಡಿವ್ನಿ."

"ಊಟ ಮಾಡಿದ್ರಾ?"

ಅತ್ತೆ ಸಭೆಯ ಮುಂದಿದ್ದ ಮೇಜಿನ ಕಡೆ ಕೈ ತೋರಿದರು. "ಅಲ್ಲೈತಲ್ಲ ನನ್ನೂಟ."

ಮೇಜಿನ ಮೇಲೆ ಸಾಲಾಗಿ ಮುದ್ದೆಗಳಿದ್ದವು. ಇಲ್ಲಿಯ ಹಿರಿಯರೆಲ್ಲ "ಒಂದಿಟ್ಟು ಉಣ್ತೀವಿ, ಎರಡಿಟ್ಟು ಉಣ್ತೀವಿ" ಅನ್ನುವುದು ಆ ಹುಡುಗಿಗೆ ಅರ್ಥವಾಗದೆ, "ನೀವು ಮನಿಯೊಳಗ ಉಣ್ಣೋದನ್ನ ಹಂಗೇ ತಗೊಂಡು ಬರ್ರಿ, ನೋಡೂಣು" ಎಂದಿದ್ದಳಂತೆ. ಬೆಳಿಗ್ಗೆ ಅತ್ತೆ ತಮ್ಮ ಮುದ್ದೆಯನ್ನು ಡಬ್ಬಿಗೆ ಹಾಕಿಕೊಂಡಾಗ, ಅಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೇನೋ ಅಂದುಕೊಂಡೆ. ಇನ್ನೊಂದು ಕಟ್ಟಿಕೊಡಲಾ ಎಂದು ನಾನು ಕೇಳಲಿಲ್ಲ. ಕಟ್ಟಿಕೊಡು ಎಂದು ಅವರೂ ಕೇಳಲಿಲ್ಲ. ಕೇಳುವ ಬಾಯನ್ನು ಮುಚ್ಚಿಸಿದ್ದವಳು ನಾನೇ ತಾನೆ.

ಪಕ್ಕದ ಮನೆಯ ಅಕ್ಕ ತಂದದ್ದು ಸುಲಿದ ತೆಂಗಿನಕಾಯಿಯಷ್ಟಿತ್ತು. ಇನ್ನೊಬ್ಬರದು ಬಟ್ಟೆಯಲ್ಲಿ ಸುತ್ತಿ ತಂದು ಒಂದು ಕಡೆ ಚಪ್ಪಟೆಯಾಗಿತ್ತು. ಕೊನೆಯಲ್ಲಿ ನಮ್ಮ ಮನೆಯ ಡಬ್ಬಿ, ಅದರ ತಳದಲ್ಲಿ ನಮ್ಮ ಅತ್ತೆಯ ಮುದ್ದೆ. ನನ್ನ ಅಡುಗೆಮನೆಯಲ್ಲಿ ಅದು ಅಷ್ಟು ಸಣ್ಣದಾಗಿ ಕಂಡಿರಲಿಲ್ಲ.

ನಾನು ಬಂದದ್ದನ್ನು ನೋಡದ ಒಬ್ಬ ಹಿರಿಯರು ಅದರೊಳಗೆ ಬಗ್ಗಿ ನೋಡಿ, "ಇದ್ಯಾರ್ಲಾ ನಿಂಬೆಹಣ್ಣು ಮಡಗಿರೋರು? ದೃಷ್ಟಿ ತಗಿಯಕ್ಕಾ?" ಅಂದರು.

ಜನ ಗೊಳ್ಳೆಂದು ನಕ್ಕರು. "ಕೂಸ್ಗೆ ಮೊದಲ್ನೇ ತುತ್ತು ಇಕ್ಕಕ್ ತಂದವ್ರೆ ಕಣಣ್ಣೋ," ಎಂದು ಹಿಂದಿನಿಂದ ಯಾರೋ ಹೆಂಗಸು ಸೇರಿಸಿದಳು. ಆಮೇಲೆ ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ನಗು ನಿಂತಿತು. ಹುಣಸೆ ರಸ ಒಣಗಿ ಕೈ ಬಿಗಿಯುತ್ತಿತ್ತು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡೆ.

ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಮ್ಮಾರ, ಇಷ್ಟ ಸಣ್ಣದು ಯಾಕ ಮಾಡ್ತೀರಿ?"

"ನೀವೇ ಹೇಳಿದ್ರಲ್ಲ. ಹಿಟ್ಟು ಕಮ್ಮಿ ಮಾಡಿ ಅಂತ."

ಅವಳು ಕಣ್ಣರಳಿಸಿದಳು. "ಅಯ್ಯ, ನಾ ಹೇಳಿದ್ದು ಮೈದಾ ಹಿಟ್ಟು, ಕಡ್ಲಿ ಹಿಟ್ಟಿಂದು! ಬನ್ನು, ಪರೋಟ, ಬಜ್ಜಿ, ಬೋಂಡಾ ಬ್ಯಾಡ ಅಂದೇನ್ರಿ. ಮುದ್ದಿ ಬಿಡ್ರಿ ಅಂತ ನಾ ಯಾವಾಗ ಅಂದೆ?"

ಸಭೆಗೆ ಸಭೆಯೇ ಹಗುರಾಯಿತು. "ಆ ಮಗ ಯೋಳಿದ್ದು ಒಂದಿಟ್ಟು, ಈವಮ್ಮ ಕೇಳ್ಕೊಂಡಿದ್ದು ಇನ್ನೊಂದಿಟ್ಟು!" ಎಂದು ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. ನಿಂಬೆಹಣ್ಣಿನ ಹಿರಿಯರೂ ನಕ್ಕು, "ಬೇಜಾರ್ ಮಾಡ್ಕಬ್ಯಾಡ ಕಣವ್ವ" ಅಂದರು. ಹುಡುಗಿ ಮಾತ್ರ ನಗದೆ ಎರಡೂ ಕೈ ಮುಗಿದಳು. "ತಪ್ಪು ನಂದ್ರೀ. ಈ ಕಡಿ ಮಾತು ತಿಳ್ಕೊಂಡು ಹೇಳಬೇಕಿತ್ತು."

ಅಲ್ಲಿಗೆ ನಾನು ಪಾರಾದೆ. ಭಾಷೆಯ ಎಡವಟ್ಟು, ನಡೆದುಹೋಯಿತು. ಆದರೆ "ಸಾಲಾಕಿಲ್ಲ" ಅನ್ನುವ ಮಾತಿಗೆ ಯಾವ ಊರಲ್ಲಿ ಬೇರೆ ಅರ್ಥವಿದೆ? ಅದನ್ನು ಅತ್ತೆ ನಮ್ಮದೇ ಮಾತಿನಲ್ಲಿ, ನನ್ನದೇ ಅಡುಗೆಮನೆಯಲ್ಲಿ ಹೇಳಿದ್ದರು. ತಪ್ಪು ನಿನ್ನದಲ್ಲ ಮಗಳೇ ಎಂದು ಆ ಹುಡುಗಿಗೆ ಹೇಳಬೇಕಿತ್ತು. ಅಷ್ಟು ಜನರ ಮುಂದೆ ಹೇಳಲಿಲ್ಲ.

ನರ್ಸಮ್ಮನೂ ನಗಲಿಲ್ಲ. "ಅಜ್ಜಿ, ಹೊಟ್ಟೆ ಹಸೀತಿದ್ರೆ ಮನೇಲಿ ಹೇಳ್ಬೇಕಲ್ವಾ? ಹೇಳಿದ್ರಾ?"

ಅತ್ತೆ ನನ್ನನ್ನು ನೋಡದೆಯೇ ಹೇಳಿದರು. "ಅವ್ಳೇನ್ ಮಾಡಾಳು? ನಂಗೇ ಸೇರ್ತಿರ್ನಿಲ್ಲ. ನಾನೇ ಸಣ್ಣದ್ ಕಟ್ಟು ಅಂದಿದ್ದು."

ಸತ್ಯನಾರಾಯಣ ಪೂಜೆ ತಪ್ಪಿಸದ ಮನೆಯವರಾಗಿ ಆ ಸುಳ್ಳನ್ನು ನನಗೋಸ್ಕರ ಅವರು ಆಡಿದರು. ನಾನು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ.

ಆಮೇಲೆ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು. ಮಾತ್ರೆ ಮೊದಲಿನಷ್ಟೇ ಇದ್ದು ಊಟ ಇಷ್ಟು ಇಳಿದರೆ ಸಕ್ಕರೆ ಹೀಗೆ ಒಮ್ಮೆಗೇ ಕುಸಿಯುತ್ತದೆ. ಸಂಜೆಗೇ ಡಾಕ್ಟರಿಗೆ ತೋರಿಸಿ. ತೊಡೆಯ ಮಾಂಸ ಕರಗಿದೆ, ಹೀಗೇ ಬಿಟ್ಟರೆ ನಾಳೆ ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಬೇಕಾಗುತ್ತದೆ. ಹೊಟ್ಟೆಗೆ ಸರಿಯಾಗಿ ಬಿದ್ದು, ದಿನಾ ಎದ್ದು ಕೂತು ಮಾಡಿದರೆ ಬಲ ವಾಪಸು ಬರುತ್ತದೆ. ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಹುಡುಗಿ ಸಾಲಿನಲ್ಲಿದ್ದ ಒಂದು ಮಧ್ಯಮ ಗಾತ್ರದ ಮುದ್ದೆಯನ್ನು ತೋರಿಸಿ, ಇಷ್ಟಿರಲಿ ಅಂದಳು. ಸಾರಿನಲ್ಲಿ ಕಾಳು, ಸೊಪ್ಪು ಧಾರಾಳ ಇರಲಿ. "ಮೊಟ್ಟಿ ತಿಂತೀರೇನ್ ಅಜ್ಜಿ?"

ಅತ್ತೆ ತಲೆ ಬಗ್ಗಿಸಿದರು. "ನಮ್ಮನೇಲಿ ವ್ರತ ಐತೆ ಕಣವ್ವ."

ಮೊಟ್ಟೆ, ಮಾಂಸ ಮುಟ್ಟದ ವ್ರತ ಹಿಡಿದವಳು ನಾನು. ಅವರು ಹಿಡಿದಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ.

"ತಿಂತಾರೆ," ಎಂದೆ. "ನಾನು ಬೇಯಿಸಿ ಕೊಡ್ತೀನಿ."

ಅತ್ತೆ ತಲೆಯೆತ್ತಿ ನನ್ನ ಮುಖ ನೋಡಿದರು, ತಮಾಷೆಗೆ ಹೇಳುತ್ತಿದ್ದೇನೇನೋ ಎಂಬಂತೆ.

ಆಟೋದಲ್ಲಿ ಮನೆಗೆ ಬರುವಾಗ ಅವರ ಕೈ ಹಿಡಿದುಕೊಂಡು ಕೇಳಿದೆ. "ಯಾಕತ್ತೆ ಹಂಗಂದ್ರಿ?"

"ಇನ್ನೇನನ್ಲಿ? ಮುಂದ್ಕೂ ಅಲ್ಗೇ ಓಗ್ಬೇಕಲ್ಲ ನಾವು. ಅಷ್ಟ್ ಜನದಾಗೆ ನಿನ್ ಮಕ ಸಣ್ಣಗಾದ್ರೆ ನಂಗೇನ್ ದೊಡ್ದಾಯ್ತದಾ?"

"ನನ್ನಿಂದ ತಪ್ಪಾಯ್ತು ಅತ್ತೆ. ನೀವು ಕೇಳಿದ್ರಿ, ನಾನು—"

"ಸುಮ್ಕಿರಮ್ಮಿ, ಆಟೋದೋನು ಕೇಳಿಸ್ಕತಾನೆ," ಎಂದು ನನ್ನನ್ನು ಮೊಣಕೈಯಿಂದ ತಿವಿದರು. ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. ಹೇಳಬೇಕಾದ ಮಾತು ಅರ್ಧಕ್ಕೇ ನಿಂತಿತು, ಇವತ್ತಿಗೂ ಮುಗಿದಿಲ್ಲ. ಇದನ್ನು ಬರೆಯುತ್ತಿರುವುದೂ ಅದಕ್ಕೇ ಇರಬೇಕು.

ಮನೆಗೆ ಬಂದವಳೇ ಹೆಸರುಕಾಳು, ದಂಟಿನ ಸೊಪ್ಪು ಹಾಕಿ ಗಟ್ಟಿ ಸಾರು ಮಾಡಿ, ಹಿಟ್ಟು ತೊಳಸಿದೆ. ಕಟ್ಟುವ ಹೊತ್ತಿಗೆ ಕೈ ತಡೆಯಿತು. ಅಷ್ಟು ವರ್ಷದಿಂದ ಕಟ್ಟುವ ಕೈಗೆ ಅಳತೆ ಮರೆತುಹೋಗಿತ್ತು. ಅತ್ತೆಯನ್ನು ಒಳಗೆ ಕರೆದು, "ನೀವೇ ಹೇಳಿ, ಎಷ್ಟು" ಅಂದೆ. ಅವರು ತಟ್ಟೆಯಲ್ಲಿದ್ದ ಹಿಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಎರಡೂ ಅಂಗೈ ಸೇರಿಸಿ ಬಟ್ಟಲಿನ ಹಾಗೆ ಹಿಡಿದರು. ಹಿಡಿದವರೇ ಏನೋ ನೆನೆದು ತುಸು ಕಿರಿದು ಮಾಡಿದರು. "ಇಷ್ಟ್ ಸಾಕು. ಆ ಹುಡುಗಿ ತೋರ್ಸಿದ್ದು ಇಷ್ಟೇಯ."

ಅವರು ಉಂಡರು. ತಟ್ಟೆ ಬಳಿಯಲಿಲ್ಲ, ಕೊನೆಯಲ್ಲಿ ಒಂದಿಷ್ಟು ಸಾರು ಉಳಿಸಿದರು. ಅದನ್ನು ಕಂಡು ನಾನು ದೇವರ ಮನೆಯ ಬಾಗಿಲ ಕಡೆ ಕೈ ಮುಗಿದೆ. ಹೊಟ್ಟೆ ತುಂಬಿ ಉಳಿಸುವವರನ್ನು ನೋಡುವುದೂ ದೇವರ ಕರುಣೆಯೇ.

ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ನಡುಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಲು ಹೇಳಿದರು. ಅದರಲ್ಲಿ ಕೂತು, ಕೈ ಎದೆಗೆ ಕಟ್ಟಿ, ಏಳಲು ನೋಡಿದರು. ನಾನು ಕೈ ಚಾಚಿದೆ.

"ಕೈ ಕೊಡ್ಬ್ಯಾಡ. ಅಂಗೇ ಮುಂದ್ಗಡೆ ನಿಂತಿರು."

ನಿಂತೆ. ಅವರ ತೊಡೆಗಳು ಸೀರೆಯೊಳಗೆ ನಡುಗುವುದು ಕಾಣುತ್ತಿತ್ತು. ಕುರ್ಚಿಯಿಂದ ಒಂದಿಷ್ಟು ಮೇಲೆದ್ದು, ಬಾಯಿ ಬಿಗಿಹಿಡಿದು, ಮತ್ತೆ ಕೂತುಬಿಟ್ಟರು.

"ಇವತ್ ಇಷ್ಟೇಯ," ಎಂದು ಏದುಸಿರು ಬಿಟ್ಟರು. "ಹಿಂಗೇ ಉಣ್ಣಕ್ಕಿಕ್ಕು, ಎದ್ ನಿಲ್ತೀನಿ."

"ಇಕ್ತೀನಿ ಅತ್ತೆ," ಎಂದೆ. ಅವರ ಮುಖ ನೋಡಲು ಆಗಲಿಲ್ಲ.

ಹೊರಗೆ ನಲ್ಲಿ ಗೊರಗೊರ ಅಂದಿತು. ಬಿಂದಿಗೆ ತೆಗೆದುಕೊಂಡು ನೀರು ಹಿಡಿಯಲು ಹೋದೆ.