ಇಪ್ಪತ್ತನಾಲ್ಕು ಇಂಬಳ, ಇಪ್ಪತ್ತನಾಲ್ಕು ಉಂಡೆ

ಏಳಬೇಕೆಂದು ತಲೆ ಹೇಳಿದ ಮೇಲೆ ನನ್ನ ಕಾಲು ನೆಲ ಮುಟ್ಟುವುದಕ್ಕೆ ಸರಾಸರಿ ಹನ್ನೊಂದು ನಿಮಿಷ ಬೇಕು. ಇದು ಅಂದಾಜಲ್ಲ, ಅರವತ್ತಮೂರನೆಯ ಇಸವಿಯ ನನ್ನ ದಿನಚರಿಯಲ್ಲಿ ಪ್ರತಿ ಬೆಳಗಿನ ಲೆಕ್ಕವೂ ಇದೆ. ಭಾನುವಾರಗಳನ್ನು ಮಾತ್ರ ಮರ್ಯಾದೆಯ ದೃಷ್ಟಿಯಿಂದ ಬಿಟ್ಟಿದ್ದೇನೆ. ತಲೆಯ ಅಪ್ಪಣೆ ಆ ಹನ್ನೊಂದು ನಿಮಿಷ ಎಲ್ಲಿ ಕೂತಿರುತ್ತದೆ? ಸೊಂಟದಲ್ಲೋ, ಮಂಡಿಯಲ್ಲೋ?

ಮನುಷ್ಯನ ತಲೆ ವಿಪರೀತ ತೊಡಕಿನದು. ಆದ್ದರಿಂದ ಬಲ್ಲವರು ಇಂಬಳದಂಥ, ಅಂದರೆ ರಕ್ತ ಹೀರುವ ಮಲೆನಾಡಿನ ಜಿಗಣೆಯಂಥ, ಸರಳ ಜೀವಿಗಳನ್ನು ನೆಚ್ಚುತ್ತಾರೆ. ಇಂಬಳಕ್ಕೆ ಬೆನ್ನೆಲುಬಿಲ್ಲ, ಸಂಕೋಚವೂ ಇಲ್ಲ. ತಲೆಯಲ್ಲೊಂದು ನರದ ಗಂಟು, ಬಾಲದಲ್ಲೊಂದು, ನಡುವೆ ಮಣಿಸರದ ಹಾಗೆ ಇಪ್ಪತ್ತೊಂದು. ನರದ ತುದಿಯಿಂದ ಒಂದು ರಸ ಒಸರಿ ಸ್ನಾಯುವಿಗೆ ‘ಬಿಗಿ ಹಿಡಿ’ ಎನ್ನುತ್ತದೆ. ಇನ್ನೊಂದು ರಸ ‘ಸಡಿಲ ಬಿಡು’ ಎನ್ನುತ್ತದೆ. ಇಷ್ಟೇ ಶಬ್ದಸಂಪತ್ತಿನಲ್ಲಿ ಅದು ಕಾಲೇ ಇಲ್ಲದೆ ನಮ್ಮ ಮೊಣಕಾಲು ಮುಟ್ಟುತ್ತದೆ. ಎರಡು ಕಾಲಿರುವ ನಾನು ಅಷ್ಟರಲ್ಲಿ ಕಂಬಳಿಯಿಂದ ಒಂದು ಹೆಬ್ಬೆರಳನ್ನು ಹೊರಗಿಟ್ಟಿರುತ್ತೇನೆ.

ಆಗ ನಾನು ಹೊಸನಗರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮೈಸೂರಿನ ನನ್ನ ಗುರುಗಳು ‘ಬಿಗಿ ಹಿಡಿ’ ಎನ್ನುವ ರಸದ ಪುಟ್ಟ ಶೀಶೆಯೊಂದನ್ನು ಕಳಿಸಿ, “ನಿಮ್ಮೂರಿನ ಇಂಬಳದ ಮೇಲೆ ಪರೀಕ್ಷಿಸಿ ಬರೆ. ಕೆಲಸ ಅಚ್ಚುಕಟ್ಟಾಗಿದ್ದರೆ ನನ್ನ ಪ್ರಯೋಗಾಲಯದಲ್ಲಿ ನಿನಗೊಂದು ಜಾಗವಿದೆ” ಎಂದು ಬರೆದಿದ್ದರು. ಆ ಜಾಗಕ್ಕಾಗಿ ನಾನು ಬೆಳಿಗ್ಗೆ ಐದೇ ನಿಮಿಷಕ್ಕೆ ಏಳತೊಡಗಿದೆ ಎಂದರೆ ನನ್ನ ಆಸೆಯ ಪ್ರಮಾಣ ನಿಮಗೆ ತಿಳಿಯಬಹುದು.

ಇಂಬಳ ಹಿಡಿದು ತರುವ ಹೊಣೆಯನ್ನು ಶಾಲೆಯ ಜವಾನ ಮಂಜಪ್ಪ ಹೊತ್ತುಕೊಂಡ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಜುಲೈ ಮೂರು, ಬುಧವಾರ: ಇಂಬಳ ಆರು. ಮೂರನ್ನು ಬರೀ ನೀರಿನ ತಟ್ಟೆಯಲ್ಲಿ, ಮೂರನ್ನು ರಸ ಬೆರೆಸಿದ ತಟ್ಟೆಯಲ್ಲಿ ಬಿಟ್ಟು ಸ್ಕೇಲಿನಲ್ಲಿ ಅಳೆದೆ. ರಸದಲ್ಲಿದ್ದವು ಮುದುಡಿ ಉಂಡೆಯಾದವು. ಸಂತೋಷ. ಬರೀ ನೀರಿನಲ್ಲಿದ್ದವೂ ಉಂಡೆಯೇ. ನಾಲ್ಕು ದಿನ, ಇಪ್ಪತ್ತನಾಲ್ಕು ಇಂಬಳ, ಇಪ್ಪತ್ತನಾಲ್ಕು ಉಂಡೆ.

ಬುದ್ಧಿವಂತನಾಗಿದ್ದರೆ ಅನುಮಾನಪಡುತ್ತಿದ್ದ. ನಾನು ಸಿದ್ಧಾಂತ ಮಾಡಿದೆ. ಹೊಸನಗರದ ಇಂಬಳದ ತಲೆಯಲ್ಲಿ ಬಿಗಿಯುವ ರಸ ತಾನಾಗಿಯೇ ಉಕ್ಕಿ ಹರಿಯುತ್ತದೆ, ಜಗತ್ತಿನಲ್ಲಿ ಇಂಥ ಇಂಬಳ ಬೇರೆಲ್ಲೂ ಇಲ್ಲ ಎಂದು ಒಂಬತ್ತು ಪುಟ ಬರೆದು, ಸೋಮವಾರ ಬೆಳಿಗ್ಗೆ ಟಪಾಲಿಗೆ ಹಾಕಿ ಪಾಠಕ್ಕೆ ಹೋದೆ.

ಪಾಠದ ನಡುವೆ ಕಾಲಲ್ಲಿ ತುರಿಕೆ. ನೋಡಿದರೆ ತಾನಾಗಿಯೇ ಬಂದ ಇಂಬಳವೊಂದು ನನ್ನ ಪಾದದ ಮೇಲಿತ್ತು. ಅಭ್ಯಾಸಬಲದಿಂದ ಮೇಜಿನ ಮೇಲೆಯೇ ಉಳಿದಿದ್ದ ತಟ್ಟೆಯ ಬರೀ ನೀರಿಗೆ ಬಿಟ್ಟೆ. ಅದು ಆರಾಮವಾಗಿ ಮೈ ಚಾಚಿ ಎರಡೂವರೆ ಅಂಗುಲ ಉದ್ದವಾಗಿ, ಅಂಚು ಹತ್ತಿ, ಹಾಜರಿ ಪುಸ್ತಕದ ಕಡೆ ಹೊರಟಿತು.

ಜವಾನನನ್ನು ಕೂಗಿ ಕರೆದೆ. “ಮಂಜಪ್ಪ, ಇಂಬಳಾನ ಹ್ಯಾಗೆ ಹಿಡೀತೀಯ?”

“ಕೈಯಾಗೆ.”

“ಬರೀ ಕೈಯಲ್ಲಾ?”

“ಬರೀ ಕೈಯಾಗೆ ಹಿಡಿಯೋಕೆ ನಂಗೇನು ತಲೆ ಕೆಟ್ಟಿದ್ಯಾ ಮೇಷ್ಟ್ರೇ? ಹೊಗೆಸೊಪ್ಪು, ಸುಣ್ಣ ತಿಕ್ಕಿ ಬೆರಳಿಗೆ ಸಮಾ ಬಳ್ಕೊಂಡೇ ಹಿಡಿಯೋದು. ಮುಟ್ಟಿದ್ ಕೂಡ್ಲೆ ಉಂಡೆ ಆಗ್ತಾವೆ ನೋಡಿ! ಶೀಶೆಗೆ ತುಂಬಕ್ಕೂ ಸಲೀಸು.”

ಈ ಸೀಮೆಯಲ್ಲಿ ಗದ್ದೆಗಿಳಿಯುವವರೆಲ್ಲ ಕಾಲಿಗೆ ಬಳಿದುಕೊಳ್ಳುವುದು ಅದನ್ನೇ. ಹೊಗೆಸೊಪ್ಪಿನ ಸಾರವು ಆ ‘ಬಿಗಿ ಹಿಡಿ’ ರಸದ ವೇಷ ಹಾಕಿ ಸ್ನಾಯುವನ್ನು ಸೆಟೆಯಿಸುತ್ತದೆಂದು ನಾನೇ ಪುಸ್ತಕದಲ್ಲಿ ಓದಿ, ಅಡಿಗೆರೆ ಎಳೆದಿದ್ದೆ.

ಅಂಚೆ ಕಚೇರಿಗೆ ಓಡಿದೆ. ಆಗ ತಲೆಯ ಅಪ್ಪಣೆ ಕಾಲಿಗೆ ಮುಟ್ಟಲು ಹಿಡಿದ ಸಮಯ ಸೊನ್ನೆ.

ಪೋಸ್ಟ್ ಮಾಸ್ತರರು ಚೀಲದ ಬಾಯಿಗೆ ಅರಗು ಹಾಕಿ ಮುಗಿಸಿದ್ದರು. “ಚೀಲ ಬಿಚ್ಚೋಕೆ ಬರಲ್ಲ ಮೇಷ್ಟ್ರೇ. ಅಂಥಾದ್ದೇನು ಬರೆದಿದ್ರಿ?”

“ಒಂದು ತಪ್ಪು.”

“ದಿನಾ ಈ ಚೀಲದಾಗೆ ಹೋಗೋದು ಅದೇ ಅಲ್ವಾ? ಒಂದು ಕಾರ್ಡು ತಗೊಳ್ಳಿ.”

ಕಾರ್ಡಿನಲ್ಲಿ ಹೊಗೆಸೊಪ್ಪು, ಸುಣ್ಣ, ಮಂಜಪ್ಪನ ಬೆರಳು, ನನ್ನ ಮೂರ್ಖತನ ಎಲ್ಲವನ್ನೂ ದಿನಾಂಕ ಸಮೇತ ಬರೆದೆ. ಒಂಬತ್ತು ಪುಟದ ವಿದ್ವತ್ತನ್ನು ಹಿಂದಕ್ಕೆ ಪಡೆಯಲು ಏಳು ಸಾಲು ಸಾಕಾಯಿತು. ಆಮೇಲೆ ಹತ್ತು ದಿನ ಅಂಚೆಯವನ ಸೈಕಲ್ ಗಂಟೆ ಕೇಳಿದಾಗೆಲ್ಲ ನಾನೇ ಉಂಡೆಯಾಗುತ್ತಿದ್ದೆ.

ಹನ್ನೊಂದನೆಯ ದಿನ ಉತ್ತರ ಬಂತು. “ನಿನ್ನ ಸಿದ್ಧಾಂತ ಓದಿ ಎರಡು ದಿನ ನಕ್ಕೆವು. ಕಾರ್ಡು ಬಂದ ಮೇಲೆ ಜಾಗ ನಿನಗೇ ಎಂದು ತೀರ್ಮಾನಿಸಿದೆ. ಬರುವಾಗ ಐವತ್ತು ಇಂಬಳ ತಾ. ನೀನೇ ಹಿಡಿ, ಕೈಕಾಲು ಚೆನ್ನಾಗಿ ತೊಳೆದುಕೊಂಡು.”

ಶನಿವಾರ ಮಧ್ಯಾಹ್ನ ಶಾಲೆಯ ಹಿಂದಿನ ಹಳ್ಳಕ್ಕೆ ಬರಿಗಾಲಲ್ಲಿ ಇಳಿದೆ. ಮಂಜಪ್ಪ ದಡದ ಕಲ್ಲಿನ ಮೇಲೆ ಕೂತು, ಹೊಗೆಸೊಪ್ಪು ಬಾಯಿಗಿಟ್ಟುಕೊಂಡು, ನನ್ನ ಪರವಾಗಿ ಎಣಿಸುತ್ತಿದ್ದ. ವಿಜ್ಞಾನಕ್ಕೆ ಶುದ್ಧವಾದ ಕೈ ಬೇಕೆನ್ನುವವರು ಅದರ ಖರ್ಚು ಎಷ್ಟೆಂದು ಹೇಳುವುದಿಲ್ಲ. ನಾನು ಹಿಡಿದ ಇಂಬಳ ಐವತ್ತು. ನನ್ನನ್ನು ಹಿಡಿದವು ಅರವತ್ತೆರಡು. ಒಂದೂ ಉಂಡೆಯಾಗಿರಲಿಲ್ಲ.