ಬಿಟ್ಟ ಕೈಯ ಜಾಗ

ಗೆಳತಿ ನನ್ನ ಕೈ ಬಿಟ್ಟದ್ದಲ್ಲ, ನಾನೇ ಅವಳದನ್ನು ಬಿಟ್ಟದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಇವತ್ತಿಗೂ ಒಪ್ಪುವುದಿಲ್ಲ.

ನಾವು ಹದಿನಾಲ್ಕು ಮಂದಿ, ಎಲ್ಲರೂ ಹೆಂಗಸರು. ರಿಯಾದಿನಿಂದ ಕೆಲವರು, ಜುಬೈಲಿನಿಂದ ಕೆಲವರು. ನಜ್ರಾನಿನ ಆಸ್ಪತ್ರೆಯ ನರ್ಸೊಬ್ಬಳು ವಿಮಾನ ಹತ್ತಿ ಬರುತ್ತಾಳೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಸೇರಿ ಇಸ್ರೇಲಿನ ಜನಪದ ಕುಣಿತ ಕುಣಿಯುತ್ತೇವೆ. ಈ ದೇಶದಲ್ಲಿ ಅದನ್ನು ಬೋರ್ಡು ಹಾಕಿ ಕಲಿಸುವವರಿಲ್ಲ. ನನಗೆ ಕಲಿಸಿದ್ದು ನಮ್ಮ ವಸತಿ ಕಾಂಪೌಂಡಿನ ಜಿಮ್ಮಿಗೆ ಬರುತ್ತಿದ್ದ, ಅರವತ್ತು ದಾಟಿದ ಅರ್ಜೆಂಟೀನಾದ ಹೆಂಗಸು. ಎಲ್ಲರೂ ಅವರನ್ನು ಟೀಚರ್ ಎನ್ನುತ್ತೇವೆ. ರಿಯಾದಿನ ಒಲಾಯಾ ಬಡಾವಣೆಯ ಕಚೇರಿಯಲ್ಲಿ ದಿನವಿಡೀ ಕೂತು ಹಿಡಿದುಕೊಂಡ ಸೊಂಟಕ್ಕೆ ಒಳ್ಳೆಯದೆಂದು ಅವರ ವಾರದ ತರಗತಿಗೆ ಸೇರಿದೆ. ಅದು ಯಾರ ಕುಣಿತವೆಂದು ತಿಳಿದದ್ದು ಮೂರು ತಿಂಗಳ ಮೇಲೆ. ಎರಡು ವಾರ ಹೋಗಲಿಲ್ಲ. ಊರಲ್ಲಿ ನನ್ನ ಉಮ್ಮ ಪ್ರತಿ ನಮಾಜಿನ ಕೊನೆಗೆ ಗಾಜಾದ ಮಕ್ಕಳಿಗಾಗಿ ದುಆ ಮಾಡುವವರು. ಮೂರನೆಯ ವಾರ ಹೋಗಿ ಟೀಚರನ್ನು ಕೇಳಿಯೇಬಿಟ್ಟೆ. ಅವರು ವಾದ ಮಾಡಲಿಲ್ಲ. ಒಂದು ಹೆಜ್ಜೆ ಹಾಕಿ ತೋರಿಸಿ, "ಇದು ಯೆಮೆನಿನಿಂದ ಹೋದ ಯಹೂದಿಗಳದು" ಎಂದರು. ಇನ್ನೊಂದು ಹಾಕಿ, "ಇದು ಅರಬರ ಮದುವೆಯದು. ಕಾಲಿಗೆ ನೆನಪಿರುವುದನ್ನು ನಾನು ಕಲಿಸುತ್ತೇನೆ. ಉಳಿದದ್ದು ನಿನ್ನ ತೀರ್ಮಾನ." ನಾನಿನ್ನೂ ತೀರ್ಮಾನಿಸಿಲ್ಲ. ಹೋಗುವುದನ್ನು ಬಿಟ್ಟೂ ಇಲ್ಲ.

ಕೈ ಕೈ ಹಿಡಿದ ವೃತ್ತಕ್ಕೆ ಟೀಚರ್ ಒಂದು ನಿಯಮ ಮಾಡಿದ್ದಾರೆ. ಯಾರಾದರೂ ನೀರು ಕುಡಿಯಲೋ ಫೋನು ಎತ್ತಲೋ ಹೊರಬಿದ್ದರೆ, ಅವರ ಎರಡು ಬದಿಯವರು ಆ ಕ್ಷಣವೇ ಕೈ ಕೂಡಿಸಬೇಕು. ತಿರುಗಿ ನೋಡಿದರೆ ಹೆಜ್ಜೆ ತಪ್ಪುತ್ತದೆ. ಹೊರಹೋದವರು ಆಮೇಲೆ ಎಲ್ಲಾದರೂ ನುಸುಳಿಕೊಳ್ಳಬಹುದು. ವರ್ಷಗಟ್ಟಲೆ ಕುಣಿದವರ ಕೈ ಇದನ್ನು ತಾನೇ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಕಳೆದ ವಸಂತದ ಒಂದು ಶುಕ್ರವಾರ ಮಧ್ಯಾಹ್ನ ಜುಬೈಲಿನ ಆಚೆ ಉಪ್ಪುನೆಲದ ಮೇಲೆ ಸೇರಿದ್ದೆವು. ನಡುವೆ ಸಿಮೆಂಟಿನಷ್ಟು ಗಟ್ಟಿ, ಕುಣಿಯಲು ಹೇಳಿ ಮಾಡಿಸಿದ ನೆಲ. ಕಡಲಿನ ಬದಿಗೆ ಮಾತ್ರ ಮೇಲೊಂದು ತೆಳು ಪದರ, ಕೆಳಗೆ ಕೆಸರು. ಹಿಂದಿನ ವರ್ಷ ಅಲ್ಲೊಂದು ಜೀಪು ಹೊಟ್ಟೆಯವರೆಗೆ ಹೂತಿತ್ತು. ನಮ್ಮ ಕಾರುಗಳು ನೂರು ಹೆಜ್ಜೆ ದೂರದ ದಿಬ್ಬದ ಬಳಿ ನಿಂತಿದ್ದವು.

ನನ್ನ ಬಲಕ್ಕೆ ನಜ್ರಾನಿನ ನರ್ಸು, ಎಡಕ್ಕೆ ಜುಬೈಲಿನ ಗೆಳತಿ. ಭಟ್ಕಳದವಳು, ಬಾಯಿ ಸುಮ್ಮನಿರದು.

"ಎಂತ ಮಾರಾಯ್ತಿ, ಇಕಾಮಾ ಪರ್ಮಿಟ್ಟು ಮುಗಿದವರು ಪೊಲೀಸರನ್ನು ಕಂಡ ಹಾಗೆ ಹೆದರಿ ಹೆದರಿ ಕಾಲಿಡ್ತೀಯಲ್ಲ!"

"ನೀನು ಮೊದಲು ಉಗುರು ಕತ್ತರಿಸು. ನನ್ನ ಕೈಯೆಲ್ಲ ಗೀರು."

ಆಗಲೇ ಬಡಗಣ ದಿಕ್ಕಿನಲ್ಲಿ ಧೂಳಿನ ಕಂದು ಗೋಡೆಯೊಂದು ಎದ್ದು ನಿಂತಿತ್ತು. ಟೀಚರ್ ಸ್ಪೀಕರ್ ಆರಿಸಿದರು. "ಯಾರೂ ಓಡಬೇಡಿ, ಕೈ ಬಿಡಬೇಡಿ. ಸಾಲಾಗಿ ನನ್ನ ಹಿಂದೆ. ಯಲ್ಲಾ!" ವೃತ್ತ ಬಿಚ್ಚಿ ಸಾಲಾಯಿತು. ಅರ್ಧ ದಾರಿ ನಡೆದಿದ್ದೆವು, ಧೂಳು ಬಂದು ಬಡಿಯಿತು. ನನ್ನ ಮೊಣಕೈ ನನಗೇ ಕಾಣಲಿಲ್ಲ. ಶಾಲು ಹಾರಿ ಮುಖಕ್ಕೆ ಸುತ್ತಿಕೊಂಡು ಉಸಿರು ಕಟ್ಟಿತು. ಎರಡೂ ಕೈ ಬಿಡಿಸಿ ಅದನ್ನು ಕಿತ್ತೆ. ಎರಡು ಕ್ಷಣ, ಅಷ್ಟೇ. ಮತ್ತೆ ಕೈ ಚಾಚಿದರೆ ಎರಡೂ ಬದಿಗೆ ಬರೀ ಧೂಳು.

ಗೆಳತಿಯ ಕೈ ರೂಢಿಯಂತೆ ತಾನೇ ನರ್ಸಿನ ಕೈಯನ್ನು ಕೂಡಿಕೊಂಡಿತ್ತು.

ಓಡಿದೆ. ಎಂಟನೆಯದೋ ಹತ್ತನೆಯದೋ ಹೆಜ್ಜೆಗೆ ನೆಲ ಹಪ್ಪಳದಂತೆ ಮುರಿದು ಕಾಲು ಮೊಣಕಾಲವರೆಗೆ ತಣ್ಣನೆಯ ಕೆಸರಿಗೆ ಇಳಿಯಿತು. ಚಪ್ಪಲಿ ಅಲ್ಲೇ ಹೋಯಿತು. ಹಿಂದಕ್ಕೆ ತೆವಳಿ, ಗಟ್ಟಿ ನೆಲ ಸಿಕ್ಕಿದಲ್ಲಿ ಕೂತೆ. ಕಾರಿನ ಹಾರನ್ ಒಮ್ಮೆ ಮುಂದಿನಿಂದ ಕೇಳಿತು, ಒಮ್ಮೆ ಬೆನ್ನ ಹಿಂದಿನಿಂದ. ಕೂಗಿದರೆ ಬಾಯಿ ತುಂಬ ಮರಳು. ಮನಸ್ಸಿನಲ್ಲೇ ಕಲಿಮ ಹೇಳಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಆಮೇಲಿನದು ಅವರು ಹೇಳಿದ್ದು. ಕಾರು ಮುಟ್ಟಿದ ಮೇಲೆ ಟೀಚರ್ ಎಣಿಸಿದರು: ತಮ್ಮನ್ನೂ ಸೇರಿಸಿ ಹದಿಮೂರು. ಗೆಳತಿ ಒಬ್ಬಳೇ ಧೂಳಿಗೆ ನುಗ್ಗಹೊರಟಳಂತೆ. ಟೀಚರ್ ಅವಳ ರಟ್ಟೆ ಹಿಡಿದು, ಸಿಕ್ಕಿಬಿದ್ದ ಕಾರು ಎಳೆಯುವ ಉದ್ದನೆಯ ಹಗ್ಗವನ್ನು ಒಂದು ಕಾರಿನ ಕೊಕ್ಕೆಗೆ ಬಿಗಿದರು. ಹಗ್ಗದ ತುದಿ ತಮ್ಮ ಸೊಂಟಕ್ಕೆ. ಅಲ್ಲಿಂದ ಕೈ ಅಗಲಿಸಿ ಹಿಡಿದ ಹದಿಮೂರು ಜನರ ಸಾಲು. ಕಟ್ಟಕಡೆಗೆ, ಅತ್ಯಂತ ದೂರದಲ್ಲಿ, ಹಟ ಹಿಡಿದು ಗೆಳತಿ. ಗಡಿಯಾರದ ಮುಳ್ಳಿನಂತೆ ಆ ಸಾಲು ನೆಲವನ್ನು ಸವರುತ್ತಾ ಬಂತು. ಹಾಕಿದ್ದು ನಾವು ಮೊದಲ ದಿನವೇ ಕಲಿತ ಹೆಜ್ಜೆ: ಬದಿಗೆ, ಮುಂದೆ, ಬದಿಗೆ, ಹಿಂದೆ. ಕಣ್ಣು ಮುಚ್ಚಿದ್ದರೂ ಸಾಲು ಹರಿಯದ ಹೆಜ್ಜೆ ಅವರಿಗೆ ಅದೊಂದೇ ಗೊತ್ತಿತ್ತು.

ನಾನು ಆ ಹೆಜ್ಜೆಯನ್ನು ಕೇಳುವ ಮೊದಲು ಮುಟ್ಟಿದೆ. ಊರಿದ ಅಂಗೈಗೆ ನೆಲದ ಸಣ್ಣ ನಡುಕ ತಾಗಿತು. ನಿಂತಿತು. ಮತ್ತೆ ಬಂತು, ನಾಲ್ಕು ನಾಲ್ಕಾಗಿ. ಗಾಳಿಗೆ ಲೆಕ್ಕವಿಲ್ಲ, ಈ ನಡುಕಕ್ಕಿತ್ತು. ಭಯದೊಳಗೇ ಮೈ ಜುಮ್ಮೆಂದಿತು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಆದರೂ ಅದು ನನ್ನನ್ನು ಕರೆಯುವುದೆಂದು ಗೊತ್ತಾಯಿತು. ಅಷ್ಟು ದೊಡ್ಡ ಆಕಾಶವೇ ನೆಲಕ್ಕೆ ಬಿದ್ದಂತಿದ್ದಾಗ, ಹದಿಮೂರು ಹೆಂಗಸರು ಅದರಡಿ ತಾಳ ತಪ್ಪದೆ ಬರುತ್ತಿದ್ದರು.

ಮೊಣಕಾಲೊಂದು ನನ್ನ ಭುಜಕ್ಕೆ ಬಡಿಯಿತು.

"ಎಂತ ಇಲ್ಲಿ ಕೂತಿದ್ದಿ? ಚಾ ಕುಡಿಲಿಕ್ಕಾ?" ಎಂದಳು ಗೆಳತಿ. ಅಳುತ್ತಿದ್ದಳು. ಉಗುರುಗಳು ನನ್ನ ಕೈಗೆ ನಾಟಿದವು.

ಈಗಲೂ ಕಚೇರಿಯಲ್ಲಿ ಎಸಿ ಜೋರಾಗಿ ಬೀಸಿದರೆ ನನ್ನ ಎಡಗೈ ತಾನೇ ಮೇಜಿನ ಅಂಚು ಹಿಡಿಯುತ್ತದೆ. ಫೋನಿನಲ್ಲಿ ಅವಳದು ಅದೇ ಮಾತು, "ನಾನು ತಿರುಗಿ ನೋಡ್ಬೇಕಿತ್ತು." ನನ್ನದೂ ಅದೇ, "ಬಿಟ್ಟದ್ದು ನಾನು."

ಮುಂದಿನ ಸಲ ಕಾಂಪೌಂಡಿನ ಹಾಲ್‌ನಲ್ಲಿ ಸೇರಿದೆವು. ಟೀಚರ್ ನಿಯಮ ಬದಲಿಸಲಿಲ್ಲ. ನಡುವೆ ಬಾಯಾರಿ ನಾನು ಹೊರಬಂದು ಬಾಟಲಿ ಎತ್ತಿಕೊಂಡೆ. ತಿರುಗಿ ನೋಡಿದರೆ ವೃತ್ತ ಕುಂಟುತ್ತಿತ್ತು. ನರ್ಸು ಚಾಚಿದ ಕೈಯನ್ನು ಗೆಳತಿ ಹಿಡಿದಿರಲಿಲ್ಲ. ಅವಳ ಬಲಗೈ ನನ್ನ ಜಾಗದಲ್ಲಿ, ಗಾಳಿಯಲ್ಲಿ, ಹಾಗೇ ತೆರೆದುಕೊಂಡಿತ್ತು.

"ಕೂಡಿಸು! ಕೂಡಿಸು!" ಟೀಚರ್ ಗದರಿದರು.

ಅವಳು ಕೂಡಿಸಲಿಲ್ಲ. ನಾನು ನೀರು ಕುಡಿಯದೆ ಆ ಕೈಯತ್ತ ಓಡಿದೆ.